ಸತ್ತವರನ್ನು ಕೈಬಿಡದ ಮೂರನೆಯ ಲೋಕ

2024ರ ಕ್ರಿಸ್ಮಸ್‌ನ ಹಿಂದಿನ ರಾತ್ರಿ ಪೋಪ್ ಫ್ರಾನ್ಸಿಸ್ ಗಾಲಿಕುರ್ಚಿಯಲ್ಲಿ ಕುಳಿತೇ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು ತೆರೆದರು. 2026ರ ಜನವರಿ 6ರಂದು ಅದನ್ನು ಮುಚ್ಚಿದವರು ಅವರಲ್ಲ, ಹದಿನಾಲ್ಕನೆಯ ಲಿಯೋ. ಜುಬಿಲಿ ಎಂಬ ಆ ಪುಣ್ಯಯಾತ್ರೆಯ ವರ್ಷದ ನಡುವೆ, 2025ರ ಏಪ್ರಿಲ್ 21ರಂದು, ಈಸ್ಟರ್‌ನ ಮರುದಿನ ಫ್ರಾನ್ಸಿಸ್ ತೀರಿಕೊಂಡಿದ್ದರು. ಒಬ್ಬ ಪೋಪ್ ತೆರೆದ ಬಾಗಿಲನ್ನು ಇನ್ನೊಬ್ಬರು ಮುಚ್ಚಿದ್ದು 1700ರ ಜುಬಿಲಿಯ ನಂತರ ಇದೇ ಮೊದಲು. ಈ ವಿಶೇಷವನ್ನು ಪತ್ರಿಕೆಗಳೆಲ್ಲ ಬರೆದವು. ಲಕ್ಷಾಂತರ ಜನ ಆ ಬಾಗಿಲನ್ನು ದಾಟಿದ್ದು ಏತಕ್ಕೆ ಎಂಬುದನ್ನು ಬರೆದವರು ಕಡಿಮೆ.

ಉತ್ತರ 2024ರ ಮೇ ತಿಂಗಳಲ್ಲಿ ವ್ಯಾಟಿಕನ್ ಹೊರಡಿಸಿದ ನಿಯಮಗಳಲ್ಲಿದೆ. ಯಾತ್ರೆ ಮಾಡಿದವರಿಗೆ, ರೋಗಿಗಳನ್ನೂ ಸೆರೆಯಾಳುಗಳನ್ನೂ ಕಂಡು ಬಂದವರಿಗೆ, ಉಪವಾಸವಿದ್ದವರಿಗೆ, ವಾರಕ್ಕೊಂದು ದಿನವಾದರೂ ಸಾಮಾಜಿಕ ಜಾಲತಾಣಗಳಂಥ ವ್ಯರ್ಥ ಗೀಳುಗಳಿಂದ ದೂರವಿದ್ದವರಿಗೆ ಪೂರ್ಣ ದಂಡವಿಮೋಚನೆ ದೊರೆಯುತ್ತದೆ ಎಂದು ಅದು ಸಾರಿತು. ಅದರಲ್ಲಿ ಇನ್ನೂ ಒಂದು ಮಾತಿತ್ತು. ಸತ್ತವರಿಗಾಗಿ ಪ್ರೀತಿಯ ಕಾರ್ಯವೊಂದನ್ನು ಮಾಡಿ, ಅದೇ ದಿನ ಎರಡನೆಯ ಸಲ ಪರಮಪ್ರಸಾದ ಸ್ವೀಕರಿಸಿದವರು ಇನ್ನೊಂದು ವಿಮೋಚನೆಯನ್ನೂ ಪಡೆಯಬಹುದು. ಆದರೆ ಆ ಎರಡನೆಯದು ಪಡೆದವರಿಗೆ ಸಲ್ಲುವುದಿಲ್ಲ. ಅದನ್ನು ಸತ್ತವರಿಗೆ ಮಾತ್ರ ಕೊಡಬಹುದು.

ಈ ಒಂದು ಸಾಲಿನ ಹಿಂದೆ ಇಡೀ ಮಧ್ಯಯುಗವಿದೆ, ಸ್ವರ್ಗ ನರಕಗಳ ನಡುವೆ ಅದು ಕಂಡ ಶುದ್ಧೀಕರಣ ಸ್ಥಳ ಎಂಬ ಮೂರನೆಯ ಲೋಕವಿದೆ. ಮಧ್ಯಯುಗದ ಕ್ರೈಸ್ತರ ಪರಲೋಕ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಕುದಿಯುವ ಕೊಪ್ಪರಿಗೆ, ಕೋಡಿನ ದೆವ್ವಗಳು, ಜನರನ್ನು ಹೆದರಿಸಿ ಆಳಿದ ಪಾದ್ರಿಗಳು. ಭಯ ಇದ್ದದ್ದು ನಿಜ. ಆದರೆ ಆ ಸಾವಿರ ವರ್ಷಗಳ ನಂಬಿಕೆಯನ್ನು ಒಳಗಿನಿಂದ ನಡೆಸಿದ್ದು ಭಯಕ್ಕಿಂತ ಹೆಚ್ಚಾಗಿ ಬೇರೊಂದು ಎಂದು ನನಗೆ ಅನ್ನಿಸುತ್ತದೆ. ತಮ್ಮ ಸತ್ತವರನ್ನು ಬಿಟ್ಟುಕೊಡಲು ಸಾಮಾನ್ಯ ಜನರಿಗೆ ಮನಸ್ಸಾಗಲಿಲ್ಲ. ಸ್ವರ್ಗ ನರಕಗಳ ಭೂಪಟವನ್ನು ಮತ್ತೆ ಮತ್ತೆ ತಿದ್ದಿಸಿದ್ದು ಆ ಹಟ. ದೇವಶಾಸ್ತ್ರಜ್ಞರು ಬಹಳಷ್ಟು ಸಲ ಅದರ ಹಿಂದೆ ನಡೆದು ಬಂದರು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಶಾಲೆಯ ಇತಿಹಾಸ ಪಾಠದಲ್ಲಿ ಈ ದಂಡವಿಮೋಚನೆಯನ್ನು ನಾವು 'ಪಾಪ ಕ್ಷಮಾಪಣಾ ಪತ್ರ' ಎಂದು ಓದಿದ್ದೇವೆ. ಹಣ ಕೊಟ್ಟರೆ ಪಾಪ ಕ್ಷಮೆಯಾಗುತ್ತಿತ್ತು ಎಂದು ಅದರಿಂದ ಅರ್ಥವಾಗುತ್ತದೆ. ಚರ್ಚಿನ ಬೋಧನೆ ಹಾಗಿರಲಿಲ್ಲ. ಕ್ಷಮೆಗೆ ಪಶ್ಚಾತ್ತಾಪ ಬೇಕು, ಪಾದ್ರಿಯ ಮುಂದೆ ಪಾಪನಿವೇದನೆ ಬೇಕು. ವಿಮೋಚನೆ ಬರುವುದು ಆಮೇಲೆ. ಅಣ್ಣನ ಹೊಲದ ಬೇಲಿಗೆ ಬೆಂಕಿ ಹಚ್ಚಿದವನು ಕಾಲು ಹಿಡಿದು ಕ್ಷಮೆ ಕೇಳಬಹುದು, ಅಣ್ಣ ಮನಸಾರೆ ಕ್ಷಮಿಸಲೂಬಹುದು. ಸುಟ್ಟ ಬೇಲಿಯನ್ನು ಮತ್ತೆ ಕಟ್ಟುವ ಕೆಲಸ ಮಾತ್ರ ಹಾಗೆಯೇ ಉಳಿದಿರುತ್ತದೆ. ಈ ಉಳಿದ ಬಾಕಿಗೆ ಲೌಕಿಕ ದಂಡ ಎಂದು ಹೆಸರು, ವಿಮೋಚನೆ ಮನ್ನಾ ಮಾಡುವುದು ಈ ಬಾಕಿಯನ್ನು. ಬದುಕಿರುವಾಗ ಅದನ್ನು ತೀರಿಸದೆ ಸತ್ತವರು ಎಲ್ಲಿಗೆ ಹೋಗುತ್ತಾರೆ?

ಆದಿ ಕ್ರೈಸ್ತರಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿರಲಿಲ್ಲ. ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿ ತೀರ್ಪಿನ ದಿನ ಎರಡೇ ಕಡೆ: ಬಲಗಡೆ ಕುರಿಗಳಂಥ ಒಳ್ಳೆಯವರು, ಎಡಗಡೆ ಆಡುಗಳಂಥ ಕೆಟ್ಟವರು. ಆದರೆ ನಮ್ಮ ಸುತ್ತಲಿನ ಬಹುಪಾಲು ಜನ ಪೂರ್ತಿ ಕುರಿಯೂ ಅಲ್ಲ, ಪೂರ್ತಿ ಆಡೂ ಅಲ್ಲ. ಐದನೆಯ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನರು ಈ ತೊಡಕನ್ನು ನೇರವಾಗಿ ಎದುರಿಸಿದರು. ಸತ್ತವರಲ್ಲಿ ಬಹಳ ಒಳ್ಳೆಯವರಿಗೆ ನಮ್ಮ ಪ್ರಾರ್ಥನೆ ಬೇಕಿಲ್ಲ, ಬಹಳ ಕೆಟ್ಟವರಿಗೆ ಅದು ಮುಟ್ಟುವುದಿಲ್ಲ. ನಡುವೆ ಇರುವ, ಅಷ್ಟೇನೂ ಕೆಟ್ಟವರಲ್ಲದವರಿಗೆ ಬದುಕಿರುವವರ ದಾನ, ಚರ್ಚಿನ ಬಲಿಪೂಜೆ (ಮಾಸ್), ಪ್ರಾರ್ಥನೆಗಳು ನೆರವಾಗುತ್ತವೆ ಎಂದರು. ಬೆಂಕಿಯನ್ನು ಹಾಯ್ದು ಬಂದವನಂತೆ ರಕ್ಷಣೆ ಹೊಂದುವನು ಎಂಬ ಸಂತ ಪೌಲರ ಮಾತು ಅವರ ಮುಂದಿತ್ತು. ಆದರೆ ಆ ಬೆಂಕಿ ಎಲ್ಲಿದೆ, ಎಷ್ಟು ಕಾಲ ಉರಿಯುತ್ತದೆ ಎಂದು ಅವರು ಬಿಡಿಸಿ ಹೇಳಲಿಲ್ಲ.

ಬಿಡಿಸಿ ಹೇಳಿದ್ದು ಕಥೆಗಳು. 590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗೊರಿಯವರು ತಮ್ಮ ಮಠದ ಯುಸ್ತುಸ್ ಎಂಬ ಸನ್ಯಾಸಿಯ ಕಥೆಯನ್ನು ಬರೆದಿಟ್ಟಿದ್ದಾರೆ. ವೈದ್ಯ ಬಲ್ಲ ಆ ಸನ್ಯಾಸಿ ಸಾಯುವ ಹೊತ್ತಿನಲ್ಲಿ, ಆತ ಮೂರು ಚಿನ್ನದ ನಾಣ್ಯಗಳನ್ನು ಬಚ್ಚಿಟ್ಟಿದ್ದು ಹೊರಬಿತ್ತು. ಸನ್ಯಾಸಿಗೆ ಸ್ವಂತ ಆಸ್ತಿ ನಿಷಿದ್ಧ. ಗ್ರೆಗೊರಿ ಕಟುವಾಗಿ ನಡೆದುಕೊಂಡರು. ಆತನ ಹೆಣವನ್ನು ತಿಪ್ಪೆಯಲ್ಲಿ ಹೂಳಿಸಿ, ಆ ನಾಣ್ಯಗಳನ್ನು ಅದರ ಮೇಲೆಯೇ ಎಸೆಸಿದರು. ಮೂವತ್ತು ದಿನ ಕಳೆದಮೇಲೆ ಅವರಿಗೇ ಕರುಳು ಚುರುಕ್ಕೆಂದಿತು. ಆತನಿಗಾಗಿ ಮೂವತ್ತು ದಿನ ಬಿಡದೆ ಬಲಿಪೂಜೆ ಅರ್ಪಿಸಲು ಹೇಳಿದರು. ಕೊನೆಯ ದಿನ ಯುಸ್ತುಸ್ ತನ್ನ ಸೋದರನಿಗೆ ಕಾಣಿಸಿಕೊಂಡು, ಇಷ್ಟು ದಿನ ಕಷ್ಟದಲ್ಲಿದ್ದೆ, ಈಗ ಚೆನ್ನಾಗಿದ್ದೇನೆ ಎಂದನಂತೆ. ಮೂವತ್ತು ದಿನಗಳ ಆ ಪೂಜೆಗೆ ಗ್ರೆಗೋರಿಯನ್ ಪೂಜೆ ಎಂಬ ಹೆಸರು ಬಂದು, ಇಂದಿಗೂ ಕ್ಯಾಥೋಲಿಕ್ ಮನೆಗಳು ಅದನ್ನು ಹೇಳಿಸುತ್ತವೆ.

ಇಂಗ್ಲೆಂಡಿನ ಸನ್ಯಾಸಿ ಬೀಡ್ ಎಂಟನೆಯ ಶತಮಾನದಲ್ಲಿ ದಾಖಲಿಸಿದ ಡ್ರಿಥೆಲ್ಮ್ ಎಂಬ ಗೃಹಸ್ಥನ ಕಥೆ ಇನ್ನೂ ವಿಸ್ತಾರವಾದದ್ದು. ಸಂಜೆ ಸತ್ತು ಬೆಳಗ್ಗೆ ಎದ್ದು ಕುಳಿತ ಆತ ತಾನು ಕಂಡ ಕಣಿವೆಯನ್ನು ವರ್ಣಿಸಿದ. ಒಂದು ಬದಿ ಉರಿಯುವ ಬೆಂಕಿ, ಇನ್ನೊಂದು ಬದಿ ಆಲಿಕಲ್ಲು ಮತ್ತು ಹಿಮ. ಆತ್ಮಗಳು ಸೆಕೆ ತಾಳದೆ ಚಳಿಗೆ ಹಾರುತ್ತವೆ, ಚಳಿ ತಾಳದೆ ಬೆಂಕಿಗೆ ಹಾರುತ್ತವೆ. ಇದು ನರಕವಲ್ಲ, ಬದುಕಿರುವವರ ಪ್ರಾರ್ಥನೆ, ದಾನ, ಉಪವಾಸಗಳಿಂದ ಇವರಲ್ಲಿ ಹಲವರು ತೀರ್ಪಿನ ದಿನಕ್ಕೆ ಮುಂಚೆಯೇ ಬಿಡುಗಡೆಯಾಗುತ್ತಾರೆ ಎಂದು ಜೊತೆಗಿದ್ದ ಮಾರ್ಗದರ್ಶಿ ಹೇಳಿದ. ಆಮೇಲೆ ಮಠ ಸೇರಿದ ಡ್ರಿಥೆಲ್ಮ್ ಚಳಿಗಾಲದಲ್ಲಿ ಹಿಮದ ತುಂಡುಗಳು ತೇಲುವ ಹೊಳೆಗೆ ಇಳಿದು ಪ್ರಾರ್ಥಿಸುತ್ತಿದ್ದ. ಹೇಗೆ ತಡೆದುಕೊಳ್ಳುತ್ತೀಯ ಎಂದು ಕೇಳಿದವರಿಗೆ, ಇದಕ್ಕಿಂತ ಹೆಚ್ಚಿನ ಚಳಿಯನ್ನು ಕಂಡಿದ್ದೇನೆ ಎನ್ನುತ್ತಿದ್ದ.

ಹನ್ನೊಂದನೆಯ ಶತಮಾನದ ಆಸುಪಾಸಿನಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಒಡಿಲೋ, ಸಕಲ ಸಂತರ ಹಬ್ಬದ ಮರುದಿನ ಸಕಲ ಮೃತರನ್ನು ನೆನೆಯಬೇಕೆಂದು ತನ್ನ ಮಠಗಳಿಗೆಲ್ಲ ಕಟ್ಟಳೆ ಮಾಡಿದರು. ಅದೇ ನವೆಂಬರ್ 2. ಮಂಗಳೂರು, ಉಡುಪಿಯ ಇಗರ್ಜಿಗಳ ಹಿಂದಿನ ಗೋರಿಗಳ ಮೇಲೆ ಆ ದಿನ ಹೂವು ಮತ್ತು ಮೇಣದಬತ್ತಿಗಳನ್ನು ಕಂಡವರಿಗೆ ಅದರ ಅರ್ಥವನ್ನು ಹೇಳಬೇಕಾಗಿಲ್ಲ. ಕನ್ನಡದಲ್ಲಿ ಶುದ್ಧೀಕರಣ ಸ್ಥಳ ಎನ್ನುವುದನ್ನು ಅಲ್ಲಿನ ಕೊಂಕಣಿ ಕ್ಯಾಥೋಲಿಕರು ಪುರ್ಗತೋರ್ ಎನ್ನುತ್ತಾರೆ. ಲ್ಯಾಟಿನ್ನಿನ ಪುರ್ಗತೋರಿಯುಮ್ ಪೋರ್ಚುಗೀಸರ ಬಾಯಿಯಿಂದ ಕರಾವಳಿಗೆ ಬಂದು ಉಳಿದ ಬಗೆ ಅದು.

ಆ ಲ್ಯಾಟಿನ್ ಪದಕ್ಕೂ ಒಂದು ಹುಟ್ಟಿನ ಕಾಲವಿದೆ. ಫ್ರೆಂಚ್ ಇತಿಹಾಸಕಾರ ಜಾಕ್ ಲ ಗೋಫ್ 1981ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಒಂದು ಜಾಗದ ಹೆಸರಾಗಿ ಈ ನಾಮಪದ ಬಳಕೆಗೆ ಬಂದದ್ದು 1170-1180ರ ಹೊತ್ತಿನಲ್ಲಿ ಎಂದು ವಾದಿಸಿದರು. ಅದಕ್ಕೂ ಮುಂಚೆ ಶುದ್ಧಗೊಳಿಸುವ ಬೆಂಕಿ ಎಂಬ ವಿಶೇಷಣ ಇತ್ತೇ ಹೊರತು ಅಂಥ ಊರಿಗೆ ಹೆಸರಿರಲಿಲ್ಲ. ಪಟ್ಟಣಗಳು ಬೆಳೆದವು, ರಾಜ ಮತ್ತು ರೈತರ ನಡುವೆ ವ್ಯಾಪಾರಿ ಎಂಬ ನಡುವರ್ಗ ಎದ್ದಿತು, ಅದರ ಜೊತೆಗೇ ಪರಲೋಕಕ್ಕೂ ಒಂದು ನಡು ಸಿಕ್ಕಿತು ಎಂಬುದು ಅವರ ವಾದದ ತಿರುಳು. ಈ ಮಾತಿಗೆ ಸೊಗಸಿದೆ, ಆದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಡ್ರಿಥೆಲ್ಮ್ ಕಂಡ ಕಣಿವೆಗೆ ಹೆಸರಿಲ್ಲದಿದ್ದರೂ ಅದು ಜಾಗವೇ. ಪಂಡಿತರು ಹೆಸರಿಡುವ ನಾನೂರು ವರ್ಷ ಮೊದಲೇ ಜನ ಅಲ್ಲಿಗೆ ಹೋಗಿ ಬಂದಿದ್ದರು. ಹನ್ನೆರಡು, ಹದಿಮೂರನೆಯ ಶತಮಾನಗಳು ಕೊಟ್ಟದ್ದು ಲೆಕ್ಕಾಚಾರವನ್ನು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಪ್ರತಿ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಪಾಪವನ್ನು ಹೆಸರಿಸಿ, ತೂಗಿ, ಅದಕ್ಕೆ ತಕ್ಕ ಪ್ರಾಯಶ್ಚಿತ್ತವನ್ನು ಅಳೆದು ಕೊಡುವ ಅಭ್ಯಾಸ ಊರೂರಿಗೂ ಬಂತು. ಅಳತೆ ಬಂದಮೇಲೆ ಬಾಕಿ ಎಷ್ಟು ಎಂಬ ಪ್ರಶ್ನೆಯೂ ಬರುತ್ತದೆ.

ಈ ನಂಬಿಕೆ ಮನೆಯೊಳಗೆ ಹೇಗಿತ್ತು ಎಂದು ತಿಳಿಯಲು ಜರ್ಮನಿಯ ಸನ್ಯಾಸಿ ಹೈಸ್ಟರ್‌ಬಾಖ್‌ನ ಕೈಸೇರಿಯುಸ್ 1220ರ ಸುಮಾರಿಗೆ ಬರೆದ ಒಂದು ಕಥೆ ಸಾಕು. ಲಿಯೇಜ್ ಪಟ್ಟಣದಲ್ಲಿ ಬಡ್ಡಿ ವ್ಯಾಪಾರಿಯೊಬ್ಬ ಸತ್ತ. ಬಡ್ಡಿ ಆ ಕಾಲಕ್ಕೆ ಘೋರ ಪಾಪ, ಬಡ್ಡಿ ತಿನ್ನುವವನಿಗೆ ನರಕವೇ ಗತಿ ಎಂದು ಪ್ರವಚನಗಳೆಲ್ಲ ಸಾರುತ್ತಿದ್ದವು. ಬಿಷಪ್ ಅವನ ಹೆಣವನ್ನು ಪವಿತ್ರ ನೆಲದಿಂದ ಹೊರಹಾಕಿಸಿದ. ಹೆಂಡತಿ ಸುಮ್ಮನೆ ಕೂರಲಿಲ್ಲ, ಪೋಪರ ಬಳಿಗೇ ಹೋದಳು. ಗಂಡ ಹೆಂಡತಿ ಒಂದೇ ದೇಹ ಎಂದು ಶಾಸ್ತ್ರ ಹೇಳುತ್ತದೆ, ಹಾಗಾದರೆ ನನ್ನ ದೇಹದ ಅರ್ಧ ಮಾಡದೆ ಉಳಿಸಿದ್ದನ್ನು ಈ ಅರ್ಧ ಮಾಡುತ್ತೇನೆ ಎಂಬುದು ಅವಳ ವಾದ. ಅನುಮತಿ ಸಿಕ್ಕಿತು. ಗಂಡನ ಗೋರಿಯ ಪಕ್ಕದಲ್ಲೇ ಪುಟ್ಟ ಕೋಣೆ ಕಟ್ಟಿಸಿಕೊಂಡು ಹಗಲೂ ರಾತ್ರಿ ಪ್ರಾರ್ಥನೆ, ಉಪವಾಸ, ದಾನಗಳಲ್ಲಿ ತೊಡಗಿದಳು. ಏಳು ವರ್ಷ ಕಳೆದಾಗ ಅವನು ಕಪ್ಪು ಬಟ್ಟೆಯಲ್ಲಿ ಕಾಣಿಸಿಕೊಂಡ. ನಿನ್ನಿಂದಾಗಿ ಆಳದಿಂದ ಮೇಲೆ ಬಂದಿದ್ದೇನೆ, ಇನ್ನೂ ಏಳು ವರ್ಷ ಹೀಗೇ ಮಾಡು ಎಂದ. ಅವಳು ಮಾಡಿದಳು. ಹದಿನಾಲ್ಕನೆಯ ವರ್ಷ ಅವನು ಬಿಳಿ ಬಟ್ಟೆಯಲ್ಲಿ ಬಂದ.

ಈ ಕಥೆಯಲ್ಲಿ ಬಿಷಪ್‌ನ ತೀರ್ಪು ಸೋಲುತ್ತದೆ, ಹೆಂಡತಿಯ ಹಟ ಗೆಲ್ಲುತ್ತದೆ. ಅದನ್ನು ಬರೆದವನು ಚರ್ಚಿನ ಸನ್ಯಾಸಿಯೇ. ಮಧ್ಯಯುಗ ಬರೀ ಹೆದರಿಕೆಯ ಕಾಲ ಎನ್ನುವವರು ಇದನ್ನು ಒಮ್ಮೆ ಓದಬೇಕು.

ಹಾಗೆಂದು ನರಕದ ಉರಿಯನ್ನು ಕಡಿಮೆ ಮಾಡಿ ತೋರಿಸುವುದೂ ತಪ್ಪಾಗುತ್ತದೆ. ಇಟಲಿಯ ಪಾದುವಾದಲ್ಲಿ ಎನ್ರಿಕೋ ಸ್ಕ್ರೊವೆಗ್ನಿ ಕಟ್ಟಿಸಿ 1305ರಲ್ಲಿ ಪ್ರತಿಷ್ಠಾಪಿಸಿದ ಪ್ರಾರ್ಥನಾ ಮಂದಿರದ ಗೋಡೆಯಲ್ಲಿ ಜೊತ್ತೋ ಚಿತ್ರಿಸಿದ ಅಂತಿಮ ತೀರ್ಪು ಇದೆ. ಅಲ್ಲಿ ಬಡ್ಡಿಕೋರರು ತಮ್ಮ ಹಣದ ಚೀಲದ ದಾರದಿಂದಲೇ ನೇಣುಬಿದ್ದಿದ್ದಾರೆ. ಕಟ್ಟಿಸಿದವನ ತಂದೆ ರೆಜಿನಾಲ್ಡೋ ಹೆಸರಾಂತ ಬಡ್ಡಿ ವ್ಯಾಪಾರಿ. ಅದೇ ಚಿತ್ರದಲ್ಲಿ ಮಗ ಮೊಣಕಾಲೂರಿ ಮಂದಿರದ ಪ್ರತಿಕೃತಿಯನ್ನು ಅರ್ಪಿಸುತ್ತಿದ್ದಾನೆ. ವಿದ್ವಾಂಸರ ಬೋಧನೆಯಲ್ಲಿ ನರಕದ ಮುಖ್ಯ ಶಿಕ್ಷೆ ಬೆಂಕಿಯಲ್ಲ, ದೇವರ ದರ್ಶನವನ್ನು ಎಂದೆಂದಿಗೂ ಕಳೆದುಕೊಳ್ಳುವ ನಷ್ಟ. ಇಂದ್ರಿಯಗಳ ನೋವು ಅದಕ್ಕಿಂತ ಕೆಳಗಿನದು. ಸ್ವರ್ಗವೂ ಹಾಗೆಯೇ, ಅಲ್ಲಿನ ಆನಂದವೆಂದರೆ ದೇವರನ್ನು ಮುಖಾಮುಖಿ ಕಾಣುವುದು. ಆದರೆ ನಷ್ಟವನ್ನು ಗೋಡೆಯ ಮೇಲೆ ಬರೆಯುವುದು ಕಷ್ಟ, ಕೊಪ್ಪರಿಗೆಯನ್ನು ಬರೆಯುವುದು ಸುಲಭ. ಆ ವಿದ್ವಾಂಸರಲ್ಲೇ ಶ್ರೇಷ್ಠರಾದ ಥಾಮಸ್ ಅಕ್ವಿನಾಸ್, ಸ್ವರ್ಗದಲ್ಲಿರುವವರು ನರಕವಾಸಿಗಳ ಯಾತನೆಯನ್ನು ಕಾಣುತ್ತಾರೆ, ಅದರಿಂದ ಅವರ ಆನಂದ ಹೆಚ್ಚುತ್ತದೆ ಎಂದು ಬರೆದಿದ್ದಾರೆ. ದೇವರ ನ್ಯಾಯವನ್ನೂ ತಮ್ಮ ಬಿಡುಗಡೆಯನ್ನೂ ಕಂಡು ಬರುವ ಸಂತೋಷ ಅದು, ನೋವನ್ನು ಕಂಡು ಬರುವುದಲ್ಲ ಎಂದು ಅವರು ಬಿಡಿಸಿ ಹೇಳಿದರೂ ನನಗೆ ಇದನ್ನು ಒಪ್ಪಲಾಗುವುದಿಲ್ಲ. ಹದಿನಾಲ್ಕು ವರ್ಷ ಗೋರಿಯ ಪಕ್ಕ ಕುಳಿತ ಆ ಹೆಂಗಸಿಗೂ ಒಪ್ಪಿಗೆಯಾಗುತ್ತಿರಲಿಲ್ಲ.

ಸತ್ತವರು ಈ ಕ್ಷಣದಲ್ಲಿ ಎಲ್ಲಿದ್ದಾರೆ ಎಂಬ ಪ್ರಶ್ನೆ ಎಷ್ಟು ಬಿಸಿಯಾಗಿತ್ತೆಂದರೆ ಒಬ್ಬ ಪೋಪ್ ಅದರಲ್ಲಿ ಸಿಕ್ಕಿಬಿದ್ದರು. 1331ರ ಸಕಲ ಸಂತರ ಹಬ್ಬದಂದು ಅವಿನ್ಯೋನ್‌ನಲ್ಲಿ ಇಪ್ಪತ್ತೆರಡನೆಯ ಜಾನ್ ಪ್ರವಚನ ಮಾಡುತ್ತಾ, ಪುಣ್ಯಾತ್ಮರೂ ಅಂತಿಮ ತೀರ್ಪಿನವರೆಗೆ ದೇವರನ್ನು ಮುಖಾಮುಖಿ ಕಾಣುವುದಿಲ್ಲ ಎಂದರು. ಯೂರೋಪ್ ಕದಡಿತು. ಪ್ಯಾರಿಸ್ಸಿನ ವಿದ್ವಾಂಸರು ವಿರೋಧಿಸಿದರು, ಫ್ರಾನ್ಸಿನ ದೊರೆ ಆರನೆಯ ಫಿಲಿಪ್ ಕೂಡ. ಕಾರಣ ತೀರ ವ್ಯಾವಹಾರಿಕ. ಊರೂರಿನ ಜನ ಸಂತರ ಮುಂದೆ ಮೇಣದಬತ್ತಿ ಹಚ್ಚಿ, ನಮಗಾಗಿ ದೇವರಲ್ಲಿ ಬೇಡಿಕೊಳ್ಳಿ ಎನ್ನುತ್ತಿದ್ದರು. ಸಂತರೇ ಇನ್ನೂ ದೇವರ ಮುಂದೆ ಇಲ್ಲವೆಂದರೆ? ಜಾನ್ 1334ರ ಡಿಸೆಂಬರ್‌ನಲ್ಲಿ ಮರಣಶಯ್ಯೆಯಲ್ಲಿ ತಮ್ಮ ಮಾತನ್ನು ಹಿಂದೆಗೆದುಕೊಂಡರು. ಅವರ ನಂತರ ಬಂದ ಹನ್ನೆರಡನೆಯ ಬೆನೆಡಿಕ್ಟ್ 1336ರಲ್ಲಿ, ಶುದ್ಧರಾದ ಆತ್ಮಗಳು ತಡವಿಲ್ಲದೆ ದೇವರನ್ನು ಕಾಣುತ್ತವೆ ಎಂದು ಅಧಿಕೃತವಾಗಿ ಘೋಷಿಸಿದರು.

ಜುಬಿಲಿ ಶುರುವಾದದ್ದೂ ಇಂಥದೇ ಒತ್ತಡದಿಂದ. 1300ನೆಯ ಇಸವಿ ಹತ್ತಿರವಾದಂತೆ, ಶತಮಾನದ ಆರಂಭದಲ್ಲಿ ರೋಮಿನಲ್ಲಿ ವಿಶೇಷ ಕೃಪೆ ಸಿಗುತ್ತದೆ ಎಂಬ ಮಾತು ಹಬ್ಬಿ ಜನ ತಾವಾಗಿಯೇ ಸಂತ ಪೇತ್ರರ ಗುಡಿಗೆ ಮುಗಿಬಿದ್ದರು. ಪೋಪ್ ಎಂಟನೆಯ ಬೊನಿಫಾಸ್ ಫೆಬ್ರುವರಿಯಲ್ಲಿ ಆದೇಶ ಹೊರಡಿಸಿದ್ದು ಆಮೇಲೆ. ರೋಮಿನವರು ಮೂವತ್ತು ದಿನ, ಹೊರಗಿನವರು ಹದಿನೈದು ದಿನ ಪೇತ್ರ ಮತ್ತು ಪೌಲರ ಗುಡಿಗಳನ್ನು ದರ್ಶಿಸಿದರೆ ಪೂರ್ಣ ವಿಮೋಚನೆ. ಜನಜಂಗುಳಿ ಹೇಗಿತ್ತೆಂದರೆ ಟೈಬರ್ ನದಿಯ ಸೇತುವೆಯಲ್ಲಿ ಹೋಗುವವರಿಗೊಂದು ಬದಿ, ಬರುವವರಿಗೊಂದು ಬದಿ ಮಾಡಬೇಕಾಯಿತು. ಈ ವಿವರ ನಮಗೆ ಉಳಿದಿರುವುದು ಪರಲೋಕದ ಯಾತ್ರೆಯನ್ನು ಬರೆದ ಇಟಲಿಯ ಕವಿ ದಾಂತೆಯ ಕಾವ್ಯದಲ್ಲಿ, ಅದೂ ನರಕದಲ್ಲಿ ಎರಡು ಸಾಲಾಗಿ ಎದುರುಬದುರು ನಡೆಯುವ ಪಾಪಿಗಳಿಗೆ ಕೊಟ್ಟ ಹೋಲಿಕೆಯಾಗಿ. ಅದೇ ಬೊನಿಫಾಸ್‌ಗೂ ದಾಂತೆ ನರಕದಲ್ಲಿ ಜಾಗ ಕಾದಿರಿಸಿದ.

ಆದರೆ ಈ ಕವಿಯ ಹೃದಯ ನನಗೆ ಕಾಣುವುದು ಶುದ್ಧೀಕರಣದ ಬೆಟ್ಟದ ಬುಡದಲ್ಲಿ. ಅಲ್ಲಿ ಸಿಸಿಲಿಯ ದೊರೆ ಮಾನ್‌ಫ್ರೆಡ್ ಇದ್ದಾನೆ. ಪೋಪ್‌ನಿಂದ ಬಹಿಷ್ಕೃತನಾಗಿ 1266ರ ಬೆನೆವೆಂತೋ ಯುದ್ಧದಲ್ಲಿ ಸತ್ತವನು. ಬಿಷಪ್ ಅವನ ಮೂಳೆಗಳನ್ನು ಅಗೆಸಿ ನಾಡಿನಾಚೆ ಎಸೆಸಿದನೆಂದು ಕಾವ್ಯ ಹೇಳುತ್ತದೆ. ಚರ್ಚಿನ ಲೆಕ್ಕದಲ್ಲಿ ಅವನು ನರಕಕ್ಕೆ ಸಲ್ಲಬೇಕಿತ್ತು. ದಾಂತೆ ಅವನನ್ನು ರಕ್ಷಣೆಯ ದಾರಿಯಲ್ಲಿ ನಿಲ್ಲಿಸುತ್ತಾನೆ. ಬಹಿಷ್ಕಾರದಲ್ಲಿ ಕಳೆದ ಕಾಲದ ಮೂವತ್ತು ಪಟ್ಟು ಅವನು ಹೊರಗೆ ಕಾಯಬೇಕು, ಬದುಕಿರುವವರ ಪ್ರಾರ್ಥನೆ ಅದನ್ನು ಕಡಿಮೆ ಮಾಡದಿದ್ದರೆ. ಅವನು ಕೇಳಿಕೊಳ್ಳುವುದು ಇಷ್ಟೇ: ನನ್ನ ಮಗಳು ಕೊಸ್ತಾಂಜಾಗೆ ನಾನು ಇಲ್ಲಿದ್ದೇನೆಂದು ಹೇಳು.

ಇಂಥ ಮಗಳಂದಿರ ಜೇಬಿಗೆ ಕೈಹಾಕಿದ್ದೇ ಚರ್ಚ್ ಮಾಡಿದ ದೊಡ್ಡ ಅನ್ಯಾಯ. 1343ರಲ್ಲಿ ಪೋಪ್ ಆರನೆಯ ಕ್ಲೆಮೆಂಟ್, ಕ್ರಿಸ್ತನ ಮತ್ತು ಸಂತರ ಪುಣ್ಯಗಳ ಅಕ್ಷಯ ಭಂಡಾರವೊಂದಿದೆ, ಅದನ್ನು ಹಂಚುವ ಅಧಿಕಾರ ಪೇತ್ರನ ಉತ್ತರಾಧಿಕಾರಿಯಾದ ಪೋಪ್‌ಗೆ ಇದೆ ಎಂದು ವಿಧಿಸಿದರು. 1476ರಲ್ಲಿ ನಾಲ್ಕನೆಯ ಸಿಕ್ಸ್ಟಸ್, ಫ್ರಾನ್ಸಿನ ಸೇಂತ್ ಪಟ್ಟಣದ ಗುಡಿಗೆ ಕಾಣಿಕೆ ಕೊಟ್ಟವರು ಸತ್ತವರ ಪರವಾಗಿಯೂ ವಿಮೋಚನೆ ಪಡೆಯಬಹುದೆಂದರು. ಗುಟೆನ್‌ಬರ್ಗ್‌ನ ಅಚ್ಚುಮೊಳೆಗಳಿಂದ ಮೊದಮೊದಲು ಹೊರಬಂದವುಗಳಲ್ಲಿ, 1454-55ರಲ್ಲಿ ಅಚ್ಚಾದ, ಹೆಸರು ಮತ್ತು ತಾರೀಖಿಗೆ ಖಾಲಿ ಜಾಗ ಬಿಟ್ಟ ವಿಮೋಚನಾ ಪತ್ರಗಳೂ ಇದ್ದವು. ದುಃಖಕ್ಕೆ ಅರ್ಜಿಯ ನಮೂನೆ ಬಂದಿತ್ತು. ಸಂತ ಪೇತ್ರರ ಗುಡಿಯನ್ನು ಹೊಸದಾಗಿ ಕಟ್ಟುವ ಖರ್ಚು ಒಂದು ಕಡೆ, ಮೈಂಜ್‌ನ ಆರ್ಚ್‌ಬಿಷಪ್ ಅಲ್ಬ್ರೆಕ್ಟ್ ತನ್ನ ಪದವಿಗಾಗಿ ಫುಗ್ಗರ್ ಲೇವಾದೇವಿ ಮನೆತನದಿಂದ ಎತ್ತಿದ್ದ ಸಾಲ ಇನ್ನೊಂದು ಕಡೆ. ಎರಡನ್ನೂ ತುಂಬಲು ಯೋಹಾನ್ ಟೆಟ್ಜೆಲ್ ಜರ್ಮನಿಯಲ್ಲಿ ಪತ್ರ ಮಾರಿದ.

1517ರಲ್ಲಿ ಮಾರ್ಟಿನ್ ಲೂಥರ್ ಬರೆದ 95 ವಾದಗಳಲ್ಲಿ 82ನೆಯದು ಜನರ ಬಾಯಲ್ಲಿದ್ದ ಪ್ರಶ್ನೆಯೆಂದೇ ಬಂದಿದೆ. ಕಟ್ಟಡದ ಹಣಕ್ಕಾಗಿ ಅಷ್ಟೊಂದು ಆತ್ಮಗಳನ್ನು ಬಿಡಿಸಬಲ್ಲ ಪೋಪ್, ಪ್ರೀತಿಯ ಕಾರಣಕ್ಕಾಗಿ ಶುದ್ಧೀಕರಣ ಸ್ಥಳವನ್ನೇ ಏಕೆ ಬರಿದು ಮಾಡುವುದಿಲ್ಲ? ಇದಕ್ಕೆ ರೋಮಿನ ಬಳಿ ಉತ್ತರವಿರಲಿಲ್ಲ. 1567ರಲ್ಲಿ ಐದನೆಯ ಪಯಸ್ ಹಣದೊಂದಿಗೆ ತಳಕು ಹಾಕಿಕೊಂಡ ವಿಮೋಚನೆಗಳನ್ನು ರದ್ದು ಮಾಡಿದರು. 1967ರಲ್ಲಿ ಆರನೆಯ ಪೌಲ್ 'ಮುನ್ನೂರು ದಿನ', 'ಏಳು ವರ್ಷ' ಎಂಬ ಲೆಕ್ಕಗಳನ್ನೂ ಕಿತ್ತುಹಾಕಿದರು. ಆ ದಿನಗಳು ಮೂಲದಲ್ಲಿ ಇಲ್ಲಿ ಮಾಡಬೇಕಿದ್ದ ಪ್ರಾಯಶ್ಚಿತ್ತದ ಅಳತೆ. ಜನ ಅವನ್ನು ಅಲ್ಲಿ ಕಳೆಯಬೇಕಾದ ಶಿಕ್ಷೆಯ ದಿನಗಳೆಂದೇ ತಿಳಿದುಕೊಂಡು ಬಂದಿದ್ದರು. ಪ್ರಾಟೆಸ್ಟಂಟರಾದರೋ ಶುದ್ಧೀಕರಣ ಸ್ಥಳವನ್ನೇ ಒಪ್ಪಲಿಲ್ಲ. ಲಂಚದ ಕಟ್ಟೆಯ ಜೊತೆಗೆ ಸೇತುವೆಯೂ ಹೋಯಿತು. ಸತ್ತ ಗಂಡನಿಗಾಗಿ ಏನನ್ನೋ ಮಾಡುತ್ತಿದ್ದ ಹೆಂಗಸು ಇನ್ನು ಮುಂದೆ ಏನನ್ನೂ ಮಾಡುವಂತಿರಲಿಲ್ಲ.

2024ರ ಜನವರಿಯಲ್ಲಿ ಇಟಲಿಯ ದೂರದರ್ಶನ ಸಂದರ್ಶನವೊಂದರಲ್ಲಿ ಫ್ರಾನ್ಸಿಸ್, ನರಕ ಖಾಲಿಯಿದೆ ಎಂದು ಭಾವಿಸಲು ತಮಗೆ ಇಷ್ಟ, ಹಾಗಿರಲಿ ಎಂದು ಆಶಿಸುತ್ತೇನೆ ಎಂದರು. ಇದು ಸಿದ್ಧಾಂತವಲ್ಲ, ತನ್ನ ಸ್ವಂತ ಮಾತು ಎಂದೂ ಹೇಳಿದರು. ಸಂಪ್ರದಾಯವಾದಿಗಳು ಸಿಟ್ಟಾದರು. ಮಧ್ಯಯುಗದ ಗಟ್ಟಿ ನಂಬಿಕೆಯನ್ನು ಆಧುನಿಕ ಪೋಪ್ ಸಡಿಲಿಸಿದರು ಎಂಬುದು ಅವರ ದೂರು. ಆದರೆ 1373ರಲ್ಲಿ ಸಾವಿನ ಅಂಚಿನಲ್ಲಿ ದರ್ಶನಗಳನ್ನು ಕಂಡ ಇಂಗ್ಲೆಂಡಿನ ನಾರಿಚ್‌ನ ಜೂಲಿಯನ್ ಎಂಬ ಏಕಾಂತವಾಸಿನಿ ಎಲ್ಲವೂ ಒಳಿತಾಗುವುದು ಎಂದು ಬರೆದದ್ದು ಅದೇ ಮಧ್ಯಯುಗದಲ್ಲಿ. ನರಕವಿದೆ ಎಂಬ ಚರ್ಚಿನ ಬೋಧನೆಗೂ ತಾನು ಕೇಳಿದ ಈ ಭರವಸೆಗೂ ಹೇಗೆ ಹೊಂದಿಕೆ ಎಂದು ಅವರು ವರ್ಷಗಟ್ಟಲೆ ತೊಳಲಾಡಿದರು, ಎರಡನ್ನೂ ಬಿಡಲಿಲ್ಲ.

ಕೊನೆಗೆ ಲಿಂಬೋ. ಜ್ಞಾನಸ್ನಾನ (ಬ್ಯಾಪ್ಟಿಸಮ್) ಇಲ್ಲದೆ ಸತ್ತ ಹಸುಳೆಗಳಿಗೂ ಆದಾಮನಿಂದ ಬಂದ ಆದಿಪಾಪದ ಕಾರಣದಿಂದ ಶಿಕ್ಷೆ ತಪ್ಪದು, ಅದು ಅತ್ಯಂತ ಸೌಮ್ಯವಾದದ್ದು ಅಷ್ಟೇ ಎಂದಿದ್ದರು ಅಗಸ್ಟೀನ್. ಮಧ್ಯಯುಗದ ವಿದ್ವಾಂಸರಿಗೆ ಇದು ಸಹಿಸಲಾಗಲಿಲ್ಲ. ನರಕದ ಅಂಚಿನಲ್ಲಿ ಒಂದು ಜಾಗ ಮಾಡಿ, ಅಲ್ಲಿ ಮಕ್ಕಳಿಗೆ ನೋವಿಲ್ಲ, ಸಹಜವಾದ ಸುಖವಿದೆ, ದೇವರ ದರ್ಶನ ಮಾತ್ರ ಇಲ್ಲ ಎಂದರು. ತಾಯಂದಿರಿಗೆ ಅದೂ ಸಾಲಲಿಲ್ಲ. ಮಗು ಅಲ್ಲಿದ್ದರೆ, ತಾವು ಸ್ವರ್ಗಕ್ಕೆ ಹೋದರೂ ಅದನ್ನು ಮತ್ತೆ ಕಾಣುವಂತಿಲ್ಲ.

ಸ್ವಿಟ್ಜರ್ಲೆಂಡಿನ ಬರ್ನ್ ಸೀಮೆಯ ಓಬರ್‌ಬ್ಯೂರೆನ್‌ನಲ್ಲಿ ಮಾತೆ ಮರಿಯಳ ಒಂದು ಗುಡಿಯಿತ್ತು. ಸತ್ತು ಹುಟ್ಟಿದ ಕೂಸುಗಳನ್ನು ಜನ ದೂರದ ಊರುಗಳಿಂದ ಅಲ್ಲಿಗೆ ಹೊತ್ತು ತರುತ್ತಿದ್ದರು. ಉರಿಯುವ ಕೆಂಡ ಮತ್ತು ದೀಪಗಳ ನಡುವೆ ಕೂಸನ್ನು ಮಲಗಿಸಿ ಬೆಚ್ಚಗೆ ಮಾಡಿ, ತುಟಿಯ ಮೇಲೆ ಒಂದು ಹಕ್ಕಿಯ ಗರಿ ಇಡುತ್ತಿದ್ದರು. ಬಿಸಿಗಾಳಿಗೆ ಗರಿ ಅಲುಗಿದರೆ ಉಸಿರು ಬಂತು ಎಂದುಕೊಂಡು ತಕ್ಷಣ ಜ್ಞಾನಸ್ನಾನ ಮಾಡಿಸಿ, ಪವಿತ್ರ ನೆಲದಲ್ಲಿ ಹೂಳುತ್ತಿದ್ದರು. 1486ರಲ್ಲಿ ಕಾನ್‌ಸ್ಟಾನ್ಸ್‌ನ ಬಿಷಪ್ ಇದನ್ನು ಮೂಢಾಚಾರವೆಂದು ದೂರಿ ರೋಮಿಗೆ ಪತ್ರ ಬರೆದರು. ಅಂಥ ಎರಡು ಸಾವಿರಕ್ಕೂ ಹೆಚ್ಚು ಕೂಸುಗಳು ಅಲ್ಲಿಗೆ ಬಂದಿವೆ ಎಂದು ಅದರಲ್ಲಿದೆ. ಆಮೇಲೆ ಬರ್ನಿನ ಪ್ರಾಟೆಸ್ಟಂಟ್ ಸುಧಾರಕರು ಗುಡಿಯನ್ನು ಕೆಡವಿದರು.

2007ರಲ್ಲಿ ವ್ಯಾಟಿಕನ್ನಿನ ಅಂತಾರಾಷ್ಟ್ರೀಯ ದೇವಶಾಸ್ತ್ರ ಆಯೋಗ, ಹದಿನಾರನೆಯ ಬೆನೆಡಿಕ್ಟರ ಒಪ್ಪಿಗೆಯೊಂದಿಗೆ ಒಂದು ವರದಿ ಪ್ರಕಟಿಸಿತು. ಲಿಂಬೋ ಎಂಬುದು ಚರ್ಚಿನ ಕಡ್ಡಾಯ ಸಿದ್ಧಾಂತವಲ್ಲ, ಜ್ಞಾನಸ್ನಾನವಿಲ್ಲದೆ ಸತ್ತ ಮಕ್ಕಳು ರಕ್ಷಣೆ ಹೊಂದಿ ದೇವರನ್ನು ಕಾಣುತ್ತಾರೆ ಎಂದು ಆಶಿಸಲು ಗಟ್ಟಿ ಕಾರಣಗಳಿವೆ ಎಂದು ಅದು ಹೇಳಿತು. ಅದಕ್ಕೆ ಹತ್ತು ವರ್ಷ ಮೊದಲೇ, 1990ರ ದಶಕದಲ್ಲಿ, ಓಬರ್‌ಬ್ಯೂರೆನ್‌ನ ನೆಲವನ್ನು ಅಗೆದ ಪುರಾತತ್ವಜ್ಞರಿಗೆ ಆ ಗುಡಿಯ ಪಕ್ಕ ಸುಮಾರು 250 ಹಸುಳೆಗಳ ಎಲುಬುಗಳು ಸಿಕ್ಕಿದ್ದವು, ಒತ್ತೊತ್ತಾಗಿ ಮಲಗಿಸಿದಂತೆ.